ರಾಗಿ ಅಲ್ಲ, ರಾಗೂ

ಮೊದಲೇ ಹೇಳಿಬಿಡ್ತೀನಿ, ಈ ಅಡುಗೆಗೆ ಮೂರು ಗಂಟೆ ಬೇಕು. ಹೆಚ್ಚೋದು, ಹುರಿಯೋದು ಸೇರಿಸಿದ್ರೆ ನಾಲ್ಕು. "ಹತ್ತೇ ನಿಮಿಷದಲ್ಲಿ ರೆಡಿ" ಅನ್ನೋ ರೆಸಿಪಿ ಹುಡುಕ್ತಾ ಬಂದಿದ್ರೆ ಇಲ್ಲೇ ಇಳಿದುಬಿಡಿ, ನನಗೇನೂ ಬೇಜಾರಿಲ್ಲ.

ಅಡುಗೆ ಹೆಸರು ರಾಗೂ. ಇಟಲಿಯ ಬೊಲೋನ್ಯಾ ಊರಿನದ್ದು. ಹೊಳೆನರಸೀಪುರದ ನಮ್ಮ ಮನೇಲಿ ಈ ಹೆಸರು ಹೇಳಿದಾಗ ಅಪ್ಪ ಪೇಪರ್‌ನಿಂದ ತಲೆ ಎತ್ತಿ "ರಾಗೀನಾ? ಮೊನ್ನೆ ತಾನೇ ಮಿಲ್ ಮಾಡಿಸ್ಕೊಂಡು ಬಂದ್ನಲ್ಲ" ಅಂದ್ರು. ರಾಗಿಗೂ ಇದಕ್ಕೂ ಸಂಬಂಧ ಇಲ್ಲ. ಫ್ರೆಂಚರ 'ರಗೂ' ಅನ್ನೋ ಮಾತು ಇಟಲಿಗೆ ಹೋಗಿ ಹೀಗಾಗಿದೆ. ಹಸಿವು ಕೆರಳಿಸೋದು, ನಾಲಿಗೆಗೆ ಮತ್ತೆ ಜೀವ ಬರಿಸೋದು ಅಂತ ಅದರ ಮೂಲ ಅರ್ಥ. ನಮ್ಮ ಕಡೆ ಹೇಳೋದಾದ್ರೆ ಕೈಮ ಹಾಕಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿದ ಗಟ್ಟಿ ಗೊಜ್ಜು. ಆದ್ರೆ ಮಸಾಲೆ ಇಲ್ಲ. ತೆಂಗಿನಕಾಯಿ ಇಲ್ಲ. ಶುಂಠಿ, ಬೆಳ್ಳುಳ್ಳಿ ಕೂಡ ಇಲ್ಲ.

ಈ ಕಡೆಯ ಪಟ್ಟಿ ಕೇಳಿ ಅಮ್ಮನ ಮುಖ ಹೇಗಾಗಿರಬಹುದು ಅಂತ ಹಾಸನ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ.

ನಾವು ಹೋಟೆಲ್‌ಗಳಲ್ಲಿ ತಿನ್ನೋ ಕೆಂಪು ಕೆಂಪು ಪಾಸ್ತಾ ನೋಡಿ ಇದು ಟೊಮೇಟೊ ಸಾಸ್ ಅಂದ್ಕೊಂಡಿರ್ತೀವಿ. ಅಲ್ಲ. ಪೆಲ್ಲೆಗ್ರಿನೊ ಆರ್ಟೂಸಿ ಅನ್ನೋವ್ರು 1891ರಲ್ಲಿ ತಮ್ಮ ದುಡ್ಡಲ್ಲೇ ಅಚ್ಚು ಹಾಕಿಸಿದ ಅಡುಗೆ ಪುಸ್ತಕ ಇಟಲಿಯಲ್ಲಿ ಮನೆಮಾತು. ಅದರಲ್ಲಿರೋ ಬೊಲೋನ್ಯಾ ಶೈಲಿಯ ಮಾಂಸದ ಸಾಸ್‌ಗೆ ಟೊಮೇಟೊನೇ ಇಲ್ಲ. ಆಮೇಲೆ 1982ರ ಅಕ್ಟೋಬರ್ 17ಕ್ಕೆ ಇಟಾಲಿಯನ್ ಅಡುಗೆ ಅಕಾಡೆಮಿಯವರು ಬೊಲೋನ್ಯಾದ ವಾಣಿಜ್ಯ ಮಂಡಳಿಯಲ್ಲಿ ಈ ರಾಗೂ ರೆಸಿಪಿಯನ್ನ ಅಧಿಕೃತವಾಗಿ ದಾಖಲು ಮಾಡಿಸಿದ್ರು. ಜಮೀನು ರಿಜಿಸ್ಟರ್ ಮಾಡಿಸಿದ ಹಾಗೆ! ಅದರಲ್ಲೂ 300 ಗ್ರಾಂ ದನದ ಮಾಂಸ, 150 ಗ್ರಾಂ ಹಂದಿ ಕೊಬ್ಬಿನ ಭಾಗಕ್ಕೆ ಟೊಮೇಟೊ ರಸ ಐದೇ ಐದು ಚಮಚ. 2023ರಲ್ಲಿ ಅದನ್ನ ತಿದ್ದಿ ಟೊಮೇಟೊ ಸ್ವಲ್ಪ ಜಾಸ್ತಿ ಮಾಡಿದ್ದಾರೆ. ಅಂದ್ರೆ ಅಲ್ಲಿಯವರೇ ಒಂದು ಅಳತೆಗೆ ಅಂಟಿಕೊಂಡು ಕೂತಿಲ್ಲ. ಹಾಗಾಗಿ ನಾವು ಕುರಿ ಮಾಂಸ ಹಾಕಿದ್ರೆ ಯಾರೂ ಕೇಸು ಹಾಕಲ್ಲ. ಇಟಲಿಯಲ್ಲೇ ಅಬ್ರುಟ್ಸೊ ಅಂತ ಒಂದು ಪ್ರಾಂತ್ಯ ಇದೆ. ಬೆಟ್ಟ, ಹುಲ್ಲುಗಾವಲು, ಕುರಿ ಮೇಯಿಸೋರ ನಾಡು. ಅಲ್ಲಿ ಕುರಿಮರಿ ಮಾಂಸದ ರಾಗೂ ಮಾಡ್ತಾರೆ. ನಮ್ಮದು ಆ ದಾರಿ.

ಭಾನುವಾರ ಬೆಳಿಗ್ಗೆ ಮಟನ್ ಅಂಗಡಿಗೆ ಬೇಗ ಹೋಗಿ. ಒಂಬತ್ತರ ಮೇಲೆ ಹೋದ್ರೆ ಕ್ಯೂ, ಮತ್ತೆ ಬೇಕಾದ ಭಾಗ ಖಾಲಿ. ಕೈಮ ಅಂದ ಕೂಡಲೇ ಅಂಗಡಿಯವರು ತೊಡೆ ಭಾಗ ತೆಗೆದು ಮಿಷನ್‌ಗೆ ಹಾಕೋಕೆ ಹೋಗ್ತಾರೆ. ತಡೀರಿ. ನಮ್ಮ ಕೈಮ ಉಂಡೆಗೆ ಮಾಂಸ ನುಣ್ಣಗೆ ಹಿಟ್ಟಿನ ಥರ ಆಗಬೇಕು, ಇಲ್ಲಾಂದ್ರೆ ಉಂಡೆ ಸಾರಲ್ಲಿ ಒಡೆದುಹೋಗುತ್ತೆ. ಇದಕ್ಕೆ ತದ್ವಿರುದ್ಧ. ಮುಂಗಾಲು ಮತ್ತು ಕುತ್ತಿಗೆ ಭಾಗ ಅರ್ಧ ಕೆಜಿ ಕೇಳಿ, ಕತ್ತಿಯಲ್ಲೇ ದಪ್ಪ ದಪ್ಪ ಕೊಚ್ಚಿಸಿ. ಜೊತೆಗೆ ಒಂದು ಹಿಡಿ ಚರ್ಬಿ. ಮೂಳೆಗಳನ್ನ ಬೇರೆ ಕವರ್‌ಗೆ ಹಾಕಿಸ್ಕೊಳ್ಳಿ, ಬಿಡಬೇಡಿ.

ಮುಂಗಾಲು, ಕುತ್ತಿಗೆ ಯಾಕೆ ಅಂದ್ರೆ ಪ್ರಾಣಿ ಜೀವಮಾನ ಎಲ್ಲಾ ದುಡಿಸಿದ ಭಾಗ ಅದು. ಅಲ್ಲಿ ಕೊಲಾಜೆನ್ ಅನ್ನೋ ನಾರಿನಂಥ ಪದಾರ್ಥ ಜಾಸ್ತಿ. ಅರ್ಧ ಗಂಟೆ ಬೇಯಿಸಿದ್ರೆ ರಬ್ಬರ್. ಹದವಾದ ಬಿಸಿಯಲ್ಲಿ ಎರಡು ಮೂರು ಗಂಟೆ ಬಿಟ್ರೆ ಅದೇ ಕರಗಿ ಜೆಲಟಿನ್ ಆಗುತ್ತೆ. ಕಾಲು ಸೂಪು ತಣ್ಣಗಾದ ಮೇಲೆ ಗಟ್ಟಿಯಾಗಿ ಅಲುಗಾಡುತ್ತಲ್ಲ, ತುಟಿ ಅಂಟುತ್ತಲ್ಲ, ಅದೇ ಇದು. ರಾಗೂಗೆ ಬರೋ ಆ ಮಂದ, ಆ ಹೊಳಪು ಎಲ್ಲಾ ಅದರದ್ದೇ. ಮೈದಾ, ಕಾರ್ನ್‌ಫ್ಲೋರ್ ಯಾವುದೂ ಬೇಡ.

ತರಕಾರಿ ಸುಲಭ. ಎರಡು ಮಧ್ಯಮ ಈರುಳ್ಳಿ, ಒಂದು ದೊಡ್ಡ ಕ್ಯಾರೆಟ್, ಒಂದು ಸೆಲರಿ ದಂಟು. ಸೆಲರಿ ನಮ್ಮ ಸಂತೇಲಿ ಸಿಗಲ್ಲ. ಬೆಂಗಳೂರಿಂದ ಯಾರಾದ್ರೂ ಬರೋರಿದ್ರೆ ಹೇಳಿ ತರಿಸಿ, ಇಲ್ಲದಿದ್ರೆ ಕೊತ್ತಂಬರಿ ಸೊಪ್ಪಿನ ದಂಟನ್ನೇ ಸಣ್ಣಗೆ ಹೆಚ್ಚಿ ಎರಡು ಚಮಚ ಹಾಕಿ. ರುಚಿ ಅದೇ ಬರಲ್ಲ, ಆದ್ರೆ ಕೆಡಿಸೋದಿಲ್ಲ. ದೊಡ್ಡಪತ್ರೆ ಹಾಕಬಹುದಾ ಅಂತ ಕೇಳೋರಿದ್ದಾರೆ. ಅದರ ವಾಸನೆ ಇಟಲಿಯವರ ಓರೆಗಾನೊಗೆ ಹತ್ತಿರ, ನಿಜ. ಪಿಜ್ಜಾಗೆ ಹಾಕ್ಕೊಳ್ಳಿ. ಇದಕ್ಕೆ ಬೇಡ, ಮೂರು ಗಂಟೆಯಲ್ಲಿ ಪಾತ್ರೆಯೆಲ್ಲಾ ಕೆಮ್ಮಿನ ಕಷಾಯದ ಥರ ಆಗುತ್ತೆ.

ವೈನ್ ವಿಷಯಕ್ಕೆ ಬರೋಣ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಿ ಹೋದ್ರೂ ಬೋರ್ಡ್ ಮೇಲೆ 'ವೈನ್ಸ್' ಅಂತ ದಪ್ಪಕ್ಷರದಲ್ಲಿ ಬರೆದಿರುತ್ತೆ. ಒಳಗೆ ಹೋಗಿ ವೈನ್ ಕೇಳಿ ನೋಡಿ, ಕೌಂಟರ್‌ನಲ್ಲಿರೋರು ಒಂದು ಕ್ಷಣ ನಿಮ್ಮನ್ನೇ ನೋಡ್ತಾರೆ. ಹಾಸನದಲ್ಲಿ ನಾಲ್ಕು ಅಂಗಡಿ ತಿರುಗಿದ ಮೇಲೆ ನನಗೆ ನಂದಿಬೆಟ್ಟದ ಕಡೆಯ ದ್ರಾಕ್ಷಿಯ ಒಂದು ಬಾಟಲಿ ಸಿಕ್ತು. ಸಿಹಿ ಇಲ್ಲದ ಕೆಂಪು ವೈನ್ ಆಗಬೇಕು. ಪೋರ್ಟ್ ವೈನ್ ಅಂತ ಸಿಗೋ ಸಿಹಿದು ಬೇಡ. ಅರ್ಧ ಲೋಟ ಸಾಕು. ಆಲ್ಕೋಹಾಲ್ ಬಹುಪಾಲು ಆವಿಯಾಗುತ್ತೆ, ಪೂರ್ತಿ ಅಲ್ಲ. ಹಾಗಾಗಿ ಮನೇಲಿ ಮುಟ್ಟದವರಿದ್ರೆ ಮುಚ್ಚಿಡದೆ ಹೇಳಿ, ಇಲ್ಲಾ ಬಿಟ್ಟುಬಿಡಿ. ಬಿಟ್ರೆ ಒಂದು ಚಮಚ ವಿನೆಗರ್ ಸಾಕು.

ಈಗ ಪಾತ್ರೆ. ಕಬ್ಬಿಣದ ಬಾಣಲೆ ಬೇಡ, ಟೊಮೇಟೊ ಹುಳಿ ಮೂರು ಗಂಟೆ ಕಬ್ಬಿಣದ ಜೊತೆ ಇದ್ರೆ ಸಾಸ್ ಕಪ್ಪಾಗಿ ಲೋಹದ ರುಚಿ ಬರುತ್ತೆ. ದಪ್ಪ ತಳದ ಸ್ಟೀಲ್ ಬೇಕು. ಸಾವಿರಾರು ರೂಪಾಯಿ ಕೊಟ್ಟು ಡಚ್ ಅವನ್ ತಗೊಳ್ಳೋ ಅವಶ್ಯಕತೆ ಇಲ್ಲ. ನಿಮ್ಮನೆ ಐದು ಲೀಟರ್ ಸ್ಟೀಲ್ ಕುಕ್ಕರ್ ಇದೆಯಲ್ಲ, ಅದರ ಮುಚ್ಚಳ ಪಕ್ಕಕ್ಕಿಡಿ. ಅಷ್ಟೇ.

"ಮುಚ್ಚಳ ಹಾಕಿದ್ರೆ ಐದು ವಿಸಿಲ್‌ಗೆ ಮುಗಿಯುತ್ತಲ್ಲೋ" ಅಂದ್ರು ಅಮ್ಮ.

ನಾನು ವಿಜ್ಞಾನ ಹೇಳೋಕೆ ಶುರು ಮಾಡಿದೆ. ಕುಕ್ಕರ್ ಒಳಗೆ ಸುಮಾರು 120 ಡಿಗ್ರಿ ಇರುತ್ತೆ, ಮಾಂಸ ಮೆತ್ತಗಾಗೋದು ನಿಜ. 1679ರಲ್ಲಿ ಫ್ರಾನ್ಸಿನ ದೆನಿ ಪಾಪಾಂ ಮೊದಲ ಪ್ರೆಶರ್ ಪಾತ್ರೆ ತೋರಿಸಿದ್ದೇ ಮೂಳೆ ಮೆತ್ತಗೆ ಮಾಡೋಕೆ. ಆದ್ರೆ ಮುಚ್ಚಿದ ಪಾತ್ರೆಯಿಂದ ನೀರು ಆಚೆ ಹೋಗಲ್ಲ. ಹಾಕಿದಷ್ಟು ನೀರೂ ಅಲ್ಲೇ ಇರುತ್ತೆ, ಸಾಸ್ ಬತ್ತಲ್ಲ, ಅಂಚಿಗೆ ಕಂದು ಬಣ್ಣ ಕಟ್ಟಿ ಮತ್ತೆ ಅದರೊಳಗೇ ಕರಗೋದು ನಡೆಯಲ್ಲ. ನಮ್ಮ ಹಾಸನ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೇಲಿ ನೀರು ಕುದಿಯೋದೇ 97 ಡಿಗ್ರಿ ಆಸುಪಾಸಲ್ಲಿ, ನಮಗೆ ಬೇಕಿರೋದು ಅದಕ್ಕಿಂತ ಸ್ವಲ್ಪ ಕಡಿಮೆ... ಅಂತೆಲ್ಲ. ಕೊನೆಗೆ "ಅಜ್ಜಿ ಸೌದೆ ಒಲೆ ಮೇಲೆ ಮಾಡ್ತಿದ್ದ ಬಾಡಿನ ಸಾರು ನೆನಪಿದೆಯಾ? ಅದರ ರುಚಿ ಕುಕ್ಕರ್‌ಗೆ ಬಂತಾ?" ಅಂದೆ.

ಅಮ್ಮ ಈರುಳ್ಳಿ ಸುಲೀತಾ ಇದ್ದವರು ನಿಲ್ಲಿಸಿದ್ರು. "ನಿಮ್ಮಜ್ಜಿ ಒಲೆ ಮುಂದೆ ಕೂತಿದ್ದು ರುಚಿಗಲ್ಲ ಕಣೋ. ಬೇರೆ ದಾರಿ ಇರಲಿಲ್ಲ. ಕೊನೆಕೊನೆಗೆ ಅವರ ಕಣ್ಣು ಹೆಂಗಿತ್ತು ನೋಡಿದ್ದೀಯಲ್ಲ. ನನಗೆ ಈ ಕುಕ್ಕರ್ ಬಂದ ಮೇಲೆ ಎಂಟೂವರೆ ಬಸ್ ಸಿಗೋಕೆ ಶುರುವಾಯ್ತು."

ಅಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿ ಶಾಲೇಲಿ ಇಪ್ಪತ್ತೆಂಟು ವರ್ಷ ಟೀಚರ್ ಆಗಿದ್ದವರು. ದಿನಾ ಎರಡು ಬಸ್. ಭಾನುವಾರ ಒಂದೇ ರಜ, ಅವತ್ತು ವಾರದ ಬಟ್ಟೆ, ಪರೀಕ್ಷೆ ಪೇಪರ್‌ಗಳು, ನೆಂಟರು. ಬಾಡು ಐದು ವಿಸಿಲ್‌ನಲ್ಲಿ ಆಗಲೇಬೇಕಿತ್ತು.

ಅಜ್ಜಿ ಊರು ಅರಕಲಗೂಡು ತಾಲ್ಲೂಕಿನ ಕೊಣನೂರಿನ ಹತ್ತಿರ. ಬೇಸಿಗೆ ರಜಕ್ಕೆ ಹೋದಾಗ ಮಣ್ಣಿನ ಗಡಿಗೆಯಲ್ಲಿ ಬೇಯ್ತಿದ್ದ ಸಾರಿನ ವಾಸನೆ ಕಾವೇರಿಯಲ್ಲಿ ಈಜಿ ವಾಪಸ್ ಬರೋ ದಾರೀಲೇ ಮೂಗಿಗೆ ಹೊಡೀತಿತ್ತು. ನನ್ನ ನೆನಪಲ್ಲಿರೋದು ಆ ವಾಸನೆ. ಅಮ್ಮನ ನೆನಪಲ್ಲಿರೋದು ಹೊಗೆ, ಕೆಮ್ಮು, ಹಸಿ ಸೌದೆ, ಊದುಗೊಳವೆ. ಒಂದೇ ಗಡಿಗೆ ಇಬ್ಬರಿಗೂ ಬೇರೆ ಬೇರೆ ಕಂಡಿದೆ. ಈಗ ರೀಲ್ಸ್‌ನಲ್ಲಿ ಸೌದೆ ಒಲೆ, ಮಣ್ಣಿನ ಪಾತ್ರೆ, 'ಅಜ್ಜಿ ಕೈರುಚಿ' ಅಂತ ಕೊಳಲಿನ ಮ್ಯೂಸಿಕ್ ಹಾಕಿ ತೋರಿಸ್ತಾರೆ. ಹೋಮ್‌ಸ್ಟೇಗಳು ಅದಕ್ಕೆ ತಲೆಗಿಷ್ಟು ಅಂತ ದುಡ್ಡು ತಗೋತವೆ. ಇಟಲಿಯವರ ವಿಡಿಯೋಗಳೂ ಅಷ್ಟೇ, ಎಲ್ಲಾದ್ರಲ್ಲೂ ಒಬ್ಬರು ಅಜ್ಜಿ ನಗ್ತಾ ಸೌಟು ತಿರುಗಿಸ್ತಿರ್ತಾರೆ. ಆ ಮೂರು ಗಂಟೆ ಯಾರದ್ದು ಅಂತ ಯಾರೂ ಕೇಳಲ್ಲ.

ನಮ್ಮನೇಲಿ ಅವತ್ತು ಅದು ತೀರ್ಮಾನ ಆಯ್ತು. ನಿಧಾನ ಬೇಕು ಅಂದವನು ನಾನು, ಹಾಗಾಗಿ ಹೆಚ್ಚೋದರಿಂದ ಪಾತ್ರೆ ತಿಕ್ಕೋವರೆಗೆ ನಂದೇ ಕೆಲಸ. ಅಮ್ಮ ಈರುಳ್ಳಿ ಚಾಕು ನನ್ನ ಕೈಗೆ ಕೊಟ್ಟು ಟಿವಿ ಮುಂದೆ ಹೋಗಿ ಕೂತ್ರು. ಕಂಪನಿಯವರು ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಬಾ ಅಂತಾರೆ, ಉಳಿದ ದಿನ ನಾನು ಮನೆಯಿಂದಲೇ ಕೆಲಸ ಮಾಡೋದು. ಮೂರು ಗಂಟೆ ಮನೇಲಿ ಇರೋಕೆ ಸಂಬಳ ಸಿಗೋ ಕಾಲ ನನ್ನದು. ಅಮ್ಮನಿಗೆ ಅದು ಇರಲಿಲ್ಲ. ಬುಧವಾರ ಮೀಟಿಂಗ್‌ಗಳ ಮಧ್ಯೆಯೂ ಇದನ್ನ ಮಾಡಿದ್ದೀನಿ. ಇಪ್ಪತ್ತು ನಿಮಿಷಕ್ಕೊಂದ್ಸಲ ಎದ್ದು ಸೌಟು ಆಡಿಸಿ ಬರೋದು ಕಣ್ಣಿಗೂ ಬೆನ್ನಿಗೂ ಒಳ್ಳೇದೇ.

ಸರಿ, ಒಲೆ ಹಚ್ಚಿ. ಮೊದಲು ಒಂದು ಪಾತ್ರೇಲಿ ಮೂಳೆಗಳನ್ನ ಒಂದು ಲೀಟರ್ ನೀರು, ಚೂರು ಉಪ್ಪಿನ ಜೊತೆ ಪಕ್ಕದ ಒಲೆ ಮೇಲಿಡಿ. ಇದಕ್ಕೆ ಬೇಕಾದ್ರೆ ಇನ್ನೊಂದು ಕುಕ್ಕರ್ ಬಳಸಿ, ಮುಚ್ಚಳ ಹಾಕೇ. ಮೂಳೆ ರಸಕ್ಕೆ ಕುಕ್ಕರ್‌ನಷ್ಟು ಒಳ್ಳೇದು ಇನ್ನೊಂದಿಲ್ಲ.

ದಪ್ಪ ತಳದ ಪಾತ್ರೆಗೆ ಎರಡು ಚಮಚ ಎಣ್ಣೆ, ಒಂದು ಚಮಚ ಬೆಣ್ಣೆ, ಕೊಚ್ಚಿದ ಚರ್ಬಿ. ಚರ್ಬಿ ಕರಗಿದ ಮೇಲೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಕ್ಯಾರೆಟ್, ಸೆಲರಿ ಹಾಕಿ ಸಣ್ಣ ಉರೀಲಿ ಹದಿನೈದು ನಿಮಿಷ ಬಾಡಿಸಿ. ಬಿರಿಯಾನಿಗೆ ಹುರಿದ ಹಾಗೆ ಕೆಂಪಗೆ ಮಾಡಬೇಡಿ. ಮೆತ್ತಗಾಗಿ ಸಿಹಿ ವಾಸನೆ ಬಂದ್ರೆ ತೆಗೆದು ಒಂದು ತಟ್ಟೆಗೆ ಹಾಕಿಡಿ.

ಮುಂದಿನದು ಎಲ್ಲದಕ್ಕಿಂತ ಮುಖ್ಯ. ಉರಿ ದೊಡ್ಡದು ಮಾಡಿ, ಕೈಮವನ್ನ ಮೂರು ಪಾಲು ಮಾಡಿ ಒಂದೊಂದೇ ಪಾಲು ಹಾಕಿ ಹುರೀರಿ. ಒಟ್ಟಿಗೆ ಸುರಿದ್ರೆ ಮಾಂಸ ನೀರು ಬಿಟ್ಟು ಅದರಲ್ಲೇ ಬೇಯುತ್ತೆ, ಬೂದು ಬಣ್ಣಕ್ಕೆ ತಿರುಗುತ್ತೆ. ನೀರು ಇರೋವರೆಗೆ ಬಿಸಿ ನೂರು ಡಿಗ್ರಿ ದಾಟಲ್ಲ. ಮಾಂಸ ಕಂದಾಗಿ ಆ ಹುರಿದ ಘಮ ಬರೋಕೆ ಹೆಚ್ಚುಕಡಿಮೆ 140 ಡಿಗ್ರಿ ಬೇಕು. ಅದಕ್ಕೆ ಮೈಯಾರ್ ಕ್ರಿಯೆ ಅಂತ ಹೆಸರು, 1912ರಲ್ಲಿ ಅದನ್ನ ವಿವರಿಸಿದ ಫ್ರೆಂಚ್ ವಿಜ್ಞಾನಿಯ ಹೆಸರಿನಿಂದ ಬಂದದ್ದು. ಥರ್ಮಾಮೀಟರ್ ಬೇಡ, ಕಿವಿ ಸಾಕು. ಮೊದಲು ಕೊತಕೊತ ಸದ್ದು. ನೀರು ಇಂಗಿದ ಮೇಲೆ ಚಟಪಟ ಸದ್ದು. ಆಮೇಲೆ ಎರಡು ಮೂರು ನಿಮಿಷ ಸೌಟು ಮುಟ್ಟದೆ ಬಿಡಿ, ತಳದಲ್ಲಿ ಕಂದು ಪದರ ಹಿಡಿಯುತ್ತೆ. ಅಯ್ಯೋ ತಳ ಹಿಡೀತು ಅಂತ ಅಮ್ಮ ಹಾಲ್‌ನಿಂದಲೇ ಕೂಗ್ತಾರೆ. ಹಿಡೀಲಿ ಬಿಡಿ. ಕಪ್ಪಾಗದಿದ್ರೆ ಸಾಕು.

ಮೂರೂ ಪಾಲು ಹುರಿದ ಮೇಲೆ ಎಲ್ಲಾ ಒಟ್ಟಿಗೆ ಸೇರಿಸಿ ವೈನ್ ಹಾಕಿ. ಜೋರಾಗಿ ಹೊಗೆಯಾಡುತ್ತೆ. ಮರದ ಸೌಟಲ್ಲಿ ತಳ ಕೆರೀರಿ, ಆ ಕಂದು ಪದರ ಎಲ್ಲಾ ಬಿಟ್ಕೊಂಡು ಬರುತ್ತೆ. ವೈನ್ ಇಂಗಿದ ಮೇಲೆ ಹಾಲು. ಹೌದು, ಹಾಲು, ಒಂದು ಲೋಟ, ನಂದಿನಿ ಹಾಲೇ ಸಾಕು. "ಬಾಡಿಗೆ ಹಾಲು ಹಾಕ್ತಾರೇನೋ!" ಅನ್ನೋ ಮಾತು ನಿಮ್ಮನೇಲೂ ಬರುತ್ತೆ, ತಯಾರಾಗಿರಿ. ಟೊಮೇಟೊ ಹುಳಿಯನ್ನ ಅದು ತಗ್ಗಿಸುತ್ತೆ, ಮಾಂಸದ ರುಚಿಯ ಒರಟು ಕಳೆಯುತ್ತೆ. ಚನ್ನರಾಯಪಟ್ಟಣದ ಚಿಕ್ಕಮ್ಮನ ಮನೇಲಿ ಮಾಡಿದಾಗ ಅವರು "ಹಸುವಿನ ಹಾಲು ಯಾಕೆ, ತೋಟದ ಕಾಯಿ ಇದೆ, ಕಾಯಿಹಾಲು ಹಾಕು" ಅಂದ್ರು. ಒಂದು ಬಟ್ಟಲಲ್ಲಿ ಬೇರೆ ಮಾಡಿ ನೋಡಿದ್ವಿ. ಚೆನ್ನಾಗೇ ಇತ್ತು, ಆದ್ರೆ ಅದು ಇಟಲಿ ಬಿಟ್ಟು ಕೇರಳ ತಲುಪಿತ್ತು.

ಹಾಲೂ ಇಂಗಿದ ಮೇಲೆ ನಾಲ್ಕು ಟೊಮೇಟೊ ತುರಿದು ಹಾಕಿ. ನಾಟಿ ಟೊಮೇಟೊ ಆದ್ರೆ ಮೂರೇ ಸಾಕು, ಹುಳಿ ಜಾಸ್ತಿ. ಉಪ್ಪು, ಕಾಳುಮೆಣಸಿನ ಪುಡಿ, ಒಂದು ಪಲಾವ್ ಎಲೆ, ಜಾಕಾಯಿ ಒಂದೆರಡು ಸಲ ತುರಿದಷ್ಟು. ಎರಡು ಸೌಟು ಮೂಳೆ ರಸ. ಒಂದು ಕುದಿ ಬಂದ ಮೇಲೆ ಚಿಕ್ಕ ಬರ್ನರ್‌ಗೆ ಎತ್ತಿಟ್ಟು ಸಿಮ್‌ನಲ್ಲಿಡಿ. ಮುಚ್ಚಳ ಅರ್ಧ ಓರೆ.

ಇಲ್ಲಿಂದ ಮುಂದಕ್ಕೆ ಹೇಳೋದು ಕಡಿಮೆ. ಸಾಸ್ ಮೇಲೆ ಎಲ್ಲೋ ಒಂದು ಕಡೆ ಗುಳ್ಳೆ ಬಂದು ಒಡೀಬೇಕು, ಸ್ವಲ್ಪ ಹೊತ್ತಿಗೆ ಇನ್ನೊಂದು ಕಡೆ. ಮುದ್ದೆ ಎಸರಿನ ಥರ ಕೊತಗುಟ್ಟಿದ್ರೆ ಉರಿ ಜಾಸ್ತಿ. ಇನ್ನೂ ತಗ್ಗಲ್ಲ ಅಂದ್ರೆ ಪಾತ್ರೆ ಕೆಳಗೆ ಕಬ್ಬಿಣದ ದೋಸೆ ಕಾವಲಿ ಇಡಿ. ಬತ್ತಿದಾಗ ಒಂದು ಸೌಟು ಮೂಳೆ ರಸ. ಒಂದು ಗಂಟೆ ಆದಾಗ ರುಚಿ ನೋಡಿದ್ರೆ ನಿರಾಸೆ ಆಗುತ್ತೆ, ಹುಳಿ ಬೇರೆ, ಮಾಂಸ ಬೇರೆ, ಎಣ್ಣೆ ಬೇರೆ. ಗರಂ ಮಸಾಲ ಡಬ್ಬಿ ಕಡೆ ಕೈ ಹೋಗುತ್ತೆ. ಎರಡನೇ ಗಂಟೆ ಕಳೆದ ಮೇಲೆ ಎಲ್ಲಾ ಸೇರಿಕೊಳ್ಳೋಕೆ ಶುರು. ಮೂರು ತುಂಬುವಾಗ ಬಣ್ಣ ಕೆಂಪಿಂದ ಇಟ್ಟಿಗೆ ಬಣ್ಣಕ್ಕೆ ಬಂದಿರುತ್ತೆ, ಸೌಟು ಎತ್ತಿದ್ರೆ ಕೆಳಗೆ ಸುರಿಯಲ್ಲ, ಜಾರುತ್ತೆ.

ಯಾವುದರ ಜೊತೆ ತಿನ್ನೋದು? ಬೊಲೋನ್ಯಾದಲ್ಲಿ ಸ್ಪಗೆಟ್ಟಿ ಜೊತೆ ಕೊಡಲ್ಲ, ಮೊಟ್ಟೆ ಹಿಟ್ಟಿನ ಪಟ್ಟಿಪಟ್ಟಿ ತಾಲ್ಯಾತೆಲ್ಲೆ ಜೊತೆ. ಬೆಂದ ಮೇಲೆ ಆ ಪಟ್ಟಿ 8 ಮಿಲಿಮೀಟರ್ ಅಗಲ ಇರಬೇಕು ಅಂತ 1972ರಲ್ಲೇ ಅದೇ ವಾಣಿಜ್ಯ ಮಂಡಳಿಯಲ್ಲಿ ಚಿನ್ನದ ಮಾದರಿ ಮಾಡಿಸಿಟ್ಟಿದ್ದಾರೆ! ಅಷ್ಟು ಅಗಲದ್ದು ನಮಗೆ ಸಿಗಲ್ಲ. ಅಂಗಡೀಲಿ ಸಿಗೋ ಪೆನ್ನೆ ಪರವಾಗಿಲ್ಲ, ಆ ಕೊಳವೆ ಒಳಗೆ ಕೈಮ ಸೇರಿಕೊಳ್ಳುತ್ತೆ. ನನ್ನ ಕೇಳಿದ್ರೆ ಒತ್ತು ಶಾವಿಗೆ. ಕೋಳಿ ಸಾರಿಗೆ ಒಗ್ಗೋ ಅಕ್ಕಿ ಶಾವಿಗೆ ಇದಕ್ಕೂ ಒಗ್ಗುತ್ತೆ, ಸ್ವಲ್ಪ ಬೆಣ್ಣೆ ಹಾಕಿ ಕಲಸಿ. ಹಾಸನದ ಆಲೂಗಡ್ಡೆ ಬೇಯಿಸಿ ಕಿವುಚಿ ಅದರ ಮೇಲೆ ಹಾಕ್ಕೊಂಡ್ರೂ ಒಳ್ಳೇದು.

ಮುದ್ದೆ? ಅಪ್ಪ ಪ್ರಯತ್ನಿಸಿದ್ರು. ಉತ್ತರ ಇಟಲಿಯಲ್ಲಿ ಮುಸುಕಿನ ಜೋಳದ ಹಿಟ್ಟನ್ನ ಕೋಲಲ್ಲಿ ತಿರುವಿ ಮಾಡೋ ಪೊಲೆಂತಾ ಅಂತ ಇದೆ, ನಮ್ಮ ಮುದ್ದೆಗೆ ದೂರದ ನೆಂಟ, ಅದರ ಮೇಲೆ ಇಂಥ ಸಾಸ್ ಹಾಕ್ಕೊಂಡು ತಿಂತಾರೆ. ಆದ್ರೆ ಅವರು ಅಗೀತಾರೆ, ನಾವು ನುಂಗ್ತೀವಿ. ನುಂಗೋಕೆ ತಿಳಿ ಸಾರು ಬೇಕು, ಇದು ಗಂಟಲಲ್ಲಿ ನಿಲ್ಲುತ್ತೆ. ಅಪ್ಪ ಎರಡು ತುತ್ತಿಗೆ ಬಿಟ್ಟು, ಅಕ್ಕಿ ರೊಟ್ಟಿ ಹಾಕಿಸ್ಕೊಂಡು ಮೂರು ಸಲ ಬಡಿಸ್ಕೊಂಡ್ರು. "ಒಂದು ಹಸಿಮೆಣಸಿನಕಾಯಿ ಇದ್ದಿದ್ರೆ" ಅಂತ ಮಾತ್ರ ಅಂದ್ರು. ಅಮ್ಮ ಏನೂ ಹೇಳಲಿಲ್ಲ, ಪಾತ್ರೆ ಅಂಚಿಗೆ ಕಟ್ಟಿದ್ದನ್ನ ರೊಟ್ಟಿ ಚೂರಲ್ಲಿ ಒರೆಸಿ ತಿಂದ್ರು.

ಅರ್ಧ ಕೆಜಿ ಮಾಂಸದ್ದು ನಾಲ್ಕು ಜನಕ್ಕೆ ಆಗಿ ಇನ್ನೂ ಉಳಿಯುತ್ತೆ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ, ಮೂರು ದಿನ ಏನೂ ಆಗಲ್ಲ. ಸೋಮವಾರ ನಮ್ಮನೇಲಿ ಬಾಡು ಬಿಸಿ ಮಾಡೋ ಹಾಗಿಲ್ಲ, ಹಾಗಾಗಿ ಅದು ಮಂಗಳವಾರದ ಊಟಕ್ಕೆ. ಅಷ್ಟರಲ್ಲಿ ಕೊಬ್ಬು ಮೇಲೆ ಬೆಳ್ಳಗೆ ಕಟ್ಟಿರುತ್ತೆ, ಕೆಳಗಡೆ ಸಾಸ್ ಗಟ್ಟಿಯಾಗಿ ಅಲುಗಾಡ್ತಿರುತ್ತೆ. ಬಿಸಿ ಮಾಡುವಾಗ ಎರಡು ಚಮಚ ನೀರು ಹಾಕಿ, ಉರಿ ಮತ್ತೆ ಸಣ್ಣದೇ ಇರಲಿ. ಭಾನುವಾರಕ್ಕಿಂತ ಮಂಗಳವಾರದ್ದೇ ಚೆನ್ನಾಗಿರುತ್ತೆ, ಆದ್ರೆ ಮಂಗಳವಾರ ಹನ್ನೆರಡೂವರೆಗೆ ನನಗೊಂದು ಕಾಲ್ ಇರುತ್ತೆ. ಅಮ್ಮನ ಪಾಲಿಗೆ ಸ್ವಲ್ಪ ಜಾಸ್ತಿ ಹೋಗಿರುತ್ತೆ.